ಕಲ್ಲುಹೂವು ಇದ್ದ ಮಾತ್ರಕ್ಕೆ ಗಾಳಿ ಶುದ್ಧವೇ?

ಮಳೆ ನಿಂತು ಹಲವು ದಿನಗಳಾಗಿದ್ದ ಒಂದು ಬೆಳಿಗ್ಗೆ, ಮರದ ಕಾಂಡಕ್ಕೆ ಅಂಟಿಕೊಂಡು ಗರಿಗರಿಯಾಗಿ ಒಣಗಿದ್ದ ಬೂದು ಬಣ್ಣದ ಕಲ್ಲುಹೂವೊಂದರ ಮೇಲೆ ಬೆರಳ ತುದಿಯಿಂದ ನಾಲ್ಕೈದು ಹನಿ ನೀರು ಬಿಟ್ಟು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರವನ್ನು ಕಣ್ಣಿಗೆ ಹಿಡಿದು ನೋಡುತ್ತ ನಿಂತೆ. ಹನಿ ಕೆಳಗೆ ಜಾರಿ ಹೋಗಲಿಲ್ಲ. ಬಿರುಕು ಬಿಟ್ಟ ನೆಲ ಮೊದಲ ಮಳೆಯನ್ನು ಕುಡಿಯುವಂತೆ ಅದು ನೀರನ್ನು ಒಳಕ್ಕೆಳೆದುಕೊಂಡಿತು. ಒಂದು ನಿಮಿಷ ಕಳೆಯುವಷ್ಟರಲ್ಲಿ ಅಂಚಿನ ಮುದುಡಿದ ಹಾಲೆಗಳು ಮೆತ್ತಗಾಗಿ ಹರಡಿಕೊಂಡವು, ಬೂದಿಯ ಬಣ್ಣದ ಅಡಿಯಿಂದ ಎಳೆಹಸಿರು ಮೇಲೆದ್ದು ಬಂತು. ಒಣಗಿದಾಗ ಮಸುಕಾಗಿರುವ ಮೇಲ್ಪದರ ನೆನೆದೊಡನೆ ಪಾರದರ್ಶಕವಾಗುತ್ತದೆ ಮತ್ತು ಅದರ ಕೆಳಗೆ ವಾಸವಾಗಿರುವ ಪಾಚಿಯ ಹಸಿರು ಹೊರಗೆ ತೋರುತ್ತದೆ. ಇದನ್ನು ನಾನು ಲೆಕ್ಕವಿಲ್ಲದಷ್ಟು ಬಾರಿ ನೋಡಿದ್ದೇನೆ. ಕಲ್ಲುಹೂವು ಆಮ್ಲಮಳೆಯ ಸೂಚಕ ಹೇಗಾಯಿತು ಎಂದು ಯಾರಾದರೂ ಕೇಳಿದರೆ ಮೊದಲು ಈ ಹಸಿರನ್ನೇ ತೋರಿಸುತ್ತೇನೆ, ಏಕೆಂದರೆ ಉತ್ತರದ ಬಹುಪಾಲು ಆ ಒಂದು ನಿಮಿಷದಲ್ಲಿಯೇ ಅಡಗಿದೆ. ಬಿದ್ದ ನೀರನ್ನು ಬೇಡವೆನ್ನಲು ಅದಕ್ಕೆ ದಾರಿಯೇ ಇಲ್ಲ.

‘ಕಲ್ಲುಹೂವು ಇದ್ದಲ್ಲಿ ಗಾಳಿ ಶುದ್ಧ’ ಎಂಬ ವಾಕ್ಯವನ್ನು ನಾನು ಶಾಲೆಯ ದಿನಗಳಲ್ಲಿ ಕಲಿತೆ ಮತ್ತು ಬಹಳ ವರ್ಷಗಳವರೆಗೆ ನಂಬಿಕೊಂಡು ಬಂದೆ. ಮರಗಳನ್ನು ಸ್ವತಃ ನೋಡತೊಡಗಿದ ಮೇಲೆ ಆ ವಾಕ್ಯದಲ್ಲಿ ಅರ್ಧ ಸತ್ಯ ಮಾತ್ರ ಇದೆ ಎಂಬುದು ನಿಧಾನವಾಗಿ ಮನವರಿಕೆಯಾಯಿತು. ಉಳಿದರ್ಧವನ್ನು ಬಿಟ್ಟು ಓದಿದರೆ ಕಲ್ಲುಹೂವು ನಮ್ಮನ್ನು ದಾರಿ ತಪ್ಪಿಸಬಲ್ಲದು. ಅದು ಯಾವ ಜಾತಿಯದು, ಯಾವ ತೊಗಟೆಯ ಮೇಲೆ ಇದೆ, ಎಷ್ಟು ಕಾಲದಿಂದ ಇದೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಅದರಿಂದ ಮಳೆಯ ಸುದ್ದಿಯನ್ನು ತಿಳಿಯಲಾಗದು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಅಷ್ಟನ್ನೇ, ಆದರೆ ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು.

ನಮ್ಮ ಭಾಷೆಯಲ್ಲಿ ಅದಕ್ಕೆ ಕಲ್ಲುಹೂವು ಎಂಬ ಚೆಂದದ ಹೆಸರಿದೆ, ಪಠ್ಯಗಳಲ್ಲಿ ಶಿಲಾವಲ್ಕ ಎಂದೂ ಲೈಕೆನ್ ಎಂದೂ ಬರೆಯುತ್ತಾರೆ. ಅದು ಹೂವಲ್ಲ, ಗಿಡವೂ ಅಲ್ಲ, ಬೆಳೆಯುವುದು ಕಲ್ಲಿನ ಮೇಲೆ ಮಾತ್ರವೂ ಅಲ್ಲ. ಒಂದು ಶಿಲೀಂಧ್ರವೂ ಬೆಳಕನ್ನು ಬಳಸಿ ಆಹಾರ ತಯಾರಿಸಬಲ್ಲ ಹಸಿರು ಪಾಚಿಯೋ ಸಯನೋಬ್ಯಾಕ್ಟೀರಿಯಾವೋ ಸೇರಿ ಕಟ್ಟಿಕೊಂಡ ಒಂದೇ ದೇಹ ಅದು. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ 1867ರಲ್ಲಿ ಈ ಜೋಡಿತನವನ್ನು ಮುಂದಿಟ್ಟಾಗ ಅಂದಿನ ಹಿರಿಯ ತಜ್ಞರಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಪಾಚಿ ಸಕ್ಕರೆ ಒದಗಿಸುತ್ತದೆ. ಇಬ್ಬರಲ್ಲಿ ಯಾರೊಬ್ಬರು ಸೋತರೂ ಸಂಸಾರ ಮುರಿದುಬೀಳುತ್ತದೆ, ಮತ್ತು ಆಮ್ಲ ಮೊದಲು ಸೋಲಿಸುವುದು ಸಾಮಾನ್ಯವಾಗಿ ಪಾಚಿಯನ್ನೇ.

ಗಿಡಮರಗಳ ಎಲೆಗೆ ಮೇಣದ ಹೊದಿಕೆಯಿದೆ, ಗಾಳಿಯನ್ನು ಬೇಕಾದಾಗ ಒಳಬಿಟ್ಟು ಬೇಡವಾದಾಗ ತಡೆಯುವ ಪತ್ರರಂಧ್ರಗಳಿವೆ, ಮಣ್ಣಿನಲ್ಲಿ ಸೋಸಿ ಬಂದ ನೀರನ್ನು ಹೀರುವ ಬೇರುಗಳಿವೆ. ಕಲ್ಲುಹೂವಿಗೆ ಈ ಮೂರೂ ಇಲ್ಲ. ಮಳೆ, ಮಂಜು, ಇಬ್ಬನಿ ಮತ್ತು ಗಾಳಿಯಲ್ಲಿ ತೇಲಿಬರುವ ದೂಳಿನಿಂದಲೇ ಅದರ ಬಹುಪಾಲು ಪೋಷಣೆ ನಡೆಯಬೇಕು. ನೀರಿನೊಂದಿಗೆ ಬಂದದ್ದೆಲ್ಲ ಇಡೀ ದೇಹದ ಮೇಲ್ಮೈಯಿಂದ ಒಳಗೆ ಹೋಗುತ್ತದೆ, ನೀರು ಆರಿಹೋದ ಮೇಲೆ ಕರಗಿದ್ದ ಲವಣವೂ ಆಮ್ಲವೂ ಒಳಗೇ ಗಟ್ಟಿಯಾಗಿ ಉಳಿಯುತ್ತವೆ. ಅನೇಕ ಮರಗಳು ವರ್ಷಕ್ಕೊಮ್ಮೆ ಎಲೆಯುದುರಿಸಿ ಹೊರೆ ಇಳಿಸಿಕೊಳ್ಳುತ್ತವೆ. ಕಲ್ಲುಹೂವಿಗೆ ಉದುರಿಸಲು ಏನೂ ಇಲ್ಲ. ಚಳಿಗಾಲದಲ್ಲಿಯೂ ಅದು ನೆನೆದಿರುವಷ್ಟು ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ಕಲ್ಲಿದ್ದಲು ಉರಿಸಿ ಮನೆ ಬೆಚ್ಚಗಿಡುವ ಶೀತದೇಶಗಳ ಗಾಳಿಯಲ್ಲಿ ಗಂಧಕದ ಹೊಗೆ ಅತಿ ದಟ್ಟವಾಗಿರುತ್ತಿದ್ದುದೂ ಅದೇ ತಿಂಗಳುಗಳಲ್ಲಿ.

ಈಗ ಮಳೆಯ ಮಾತು. ಯಾವ ಕಲ್ಮಶವೂ ಸೇರದ ಮಳೆನೀರು ಕೂಡ ಅಷ್ಟಿಷ್ಟು ಆಮ್ಲೀಯವೇ ಆಗಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ ಪಿಎಚ್ ಮೌಲ್ಯವನ್ನು ಸುಮಾರು 5.6ಕ್ಕೆ ಇಳಿಸುತ್ತದೆ. ಕಲ್ಲಿದ್ದಲು ಮತ್ತು ತೈಲ ಉರಿದಾಗ, ಲೋಹದ ಅದಿರನ್ನು ಕಾಯಿಸಿದಾಗ ಹೊರಬರುವ ಸಲ್ಫರ್ ಡೈಆಕ್ಸೈಡ್ ಹಾಗೂ ವಾಹನ ಮತ್ತು ಕುಲುಮೆಗಳಿಂದ ಬರುವ ನೈಟ್ರೋಜನ್ ಆಕ್ಸೈಡುಗಳು ಮೋಡದಲ್ಲಿ ಗಂಧಕಾಮ್ಲವಾಗಿ, ನೈಟ್ರಿಕ್ ಆಮ್ಲವಾಗಿ ಬದಲಾದಾಗ ಆ ಮೌಲ್ಯ 4ರ ಆಸುಪಾಸಿಗೆ ಕುಸಿಯುತ್ತದೆ. ಪಿಎಚ್ ಅಳತೆಯಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. 5.6 ಮತ್ತು 4.1ರ ನಡುವಿನ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಂಡರೂ ನಿಜದಲ್ಲಿ ಅದು ಮೂವತ್ತು ಪಟ್ಟಿಗೂ ಹೆಚ್ಚು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ ಮ್ಯಾಂಚೆಸ್ಟರ್ ಸುತ್ತಲಿನ ಮಳೆಯನ್ನು ಪರೀಕ್ಷಿಸಿ, 1872ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ ಆಮ್ಲಮಳೆ ಎಂಬ ಮಾತನ್ನು ಬಳಸಿದರು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಗಂಧಕದ ಹೊಗೆ ಮರಗಳನ್ನು ತಲುಪುವ ದಾರಿಗಳು ಎರಡು. ಕುಲುಮೆಯ ಹತ್ತಿರದಲ್ಲಿ ಅದು ಅನಿಲವಾಗಿಯೇ ಬಂದು ತೇವವಾದ ಮೇಲ್ಮೈಯಲ್ಲಿ ಕರಗುತ್ತದೆ. ದೂರದಲ್ಲಿ, ಎತ್ತರದ ಚಿಮಣಿಗಳಿಂದ ಹೊರಟು ನೂರಾರು ಕಿಲೋಮೀಟರ್ ಸಾಗಿದ ಮೇಲೆ, ಮಳೆಯಾಗಿ ಅಥವಾ ಮಂಜಾಗಿ ಇಳಿಯುತ್ತದೆ. ಕಲ್ಲುಹೂವುಗಳ ಬಗ್ಗೆ ಹಳೆಯ ಅಧ್ಯಯನಗಳಲ್ಲಿ ಬಹುತೇಕವು ಅಳೆದದ್ದು ಮೊದಲನೆಯದನ್ನು. ಎರಡನೆಯದರ ಪರಿಣಾಮ ನಿಧಾನ, ಅದು ತೊಗಟೆಯ ಮೂಲಕ ಕೆಲಸ ಮಾಡುತ್ತದೆ, ಆದ್ದರಿಂದ ಅದನ್ನು ಗುರುತಿಸಲು ಹೆಚ್ಚು ಕಾಲ ಹಿಡಿಯಿತು. ಇವೆರಡನ್ನೂ ಒಂದೇ ಎಂದು ಬರೆಯುವ ಲೇಖನಗಳನ್ನು ಓದುವಾಗ ನನಗೆ ಪ್ರತಿ ಸಲವೂ ಬೇಸರವಾಗುತ್ತದೆ, ಏಕೆಂದರೆ ಕಲ್ಲುಹೂವುಗಳು ಸ್ವತಃ ಇವೆರಡರ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುತ್ತವೆ.

ಅನಿಲ ನೀರಿನಲ್ಲಿ ಕರಗಿದಾಗ ಬೈಸಲ್ಫೈಟ್ ಮತ್ತು ಸಲ್ಫೈಟ್ ಅಯಾನುಗಳು ಉಂಟಾಗುತ್ತವೆ. ಪಾಚಿಯ ಜೀವಕೋಶದೊಳಗೆ ಅವು ದ್ಯುತಿಸಂಶ್ಲೇಷಣೆಯನ್ನು ಕುಗ್ಗಿಸುತ್ತವೆ. ಪತ್ರಹರಿತ್ತಿನ ನಡುವೆ ಕುಳಿತಿರುವ ಮೆಗ್ನೀಸಿಯಮ್ ಆಮ್ಲದ ಹೊಡೆತಕ್ಕೆ ಕಳಚಿಹೋಗಿ, ಹಸಿರು ಬಣ್ಣದ ಆ ವಸ್ತು ಕಂದು ಛಾಯೆಯ ಫಿಯೋಫೈಟಿನ್ ಆಗಿಬಿಡುತ್ತದೆ. ಜೀವಕೋಶದ ಪೊರೆ ಸೋರತೊಡಗಿ ಪೊಟ್ಯಾಸಿಯಮ್ ಹೊರಗೆ ಹರಿಯುತ್ತದೆ. ನೀರು ಎಷ್ಟು ಆಮ್ಲೀಯವೋ ಗಂಧಕದ ಅನಿಲ ಅಷ್ಟೇ ಹೆಚ್ಚು ವಿಷಕಾರಿಯಾಗುತ್ತದೆ ಎಂಬುದು ಮುಂದಿನ ಮಾತಿಗೆ ಬಹಳ ಮುಖ್ಯ. ಸಯನೋಬ್ಯಾಕ್ಟೀರಿಯಾವನ್ನು ಜೊತೆಗಿಟ್ಟುಕೊಂಡಿರುವ ಕಲ್ಲುಹೂವುಗಳಲ್ಲಿ ಇನ್ನೊಂದು ನಷ್ಟವೂ ಸೇರುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಆಹಾರವಾಗಿಸುವ ಅವುಗಳ ಶಕ್ತಿ ಆಮ್ಲದೆದುರು ಬೇಗ ಕುಂದುತ್ತದೆ, ಹಾಗಾಗಿ ಆಮ್ಲಮಳೆ ಬೀಳುವಲ್ಲಿ ಮೊದಲು ಮರೆಯಾಗುವ ಪಟ್ಟಿಯಲ್ಲಿ ಅವೇ ಮುಂದಿರುತ್ತವೆ.

ಇದನ್ನು ಮನುಷ್ಯರು ಗಮನಿಸಿದ್ದು ಆಮ್ಲಮಳೆ ಎಂಬ ಹೆಸರು ಹುಟ್ಟುವುದಕ್ಕೂ ಮುಂಚೆ. ಇಂಗ್ಲೆಂಡಿನ ಲಿಯೋ ಗ್ರಿಂಡನ್ 1859ರಲ್ಲಿಯೇ, ದಕ್ಷಿಣ ಲ್ಯಾಂಕಶೈರ್ ಭಾಗದಲ್ಲಿ ಕಲ್ಲುಹೂವುಗಳು ಕಡಿಮೆಯಾಗಿರುವುದನ್ನು ಕಂಡು, ಹಳೆಯ ಕಾಡುಗಳ ಕಡಿತದ ಜೊತೆಗೆ ಕಾರ್ಖಾನೆಗಳ ಹೊಗೆಯನ್ನೂ ಕಾರಣವಾಗಿ ಹೆಸರಿಸಿದ್ದರು. ಫಿನ್ಲೆಂಡ್ ಮೂಲದ ವಿಲಿಯಂ ನ್ಯೂಲಾಂಡರ್ 1866ರಲ್ಲಿ ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ಪಟ್ಟಿ ಮಾಡಿ, ನಗರದ ಬೇರೆಡೆ ಕಾಣದ ಜಾತಿಗಳು ಅಲ್ಲಿ ಉಳಿದಿರುವುದನ್ನು ತೋರಿಸಿ, ಗಾಳಿಯ ಆರೋಗ್ಯವನ್ನು ಅಳೆಯುವ ಒಂದು ಬಗೆಯ ಮಾಪಕ ಇದೆಂದು ಬರೆದರು. ಇದೇ ನ್ಯೂಲಾಂಡರ್ ಶ್ವೆಂಡನರ್ ಅವರ ಜೋಡಿ ಸಿದ್ಧಾಂತವನ್ನು ಕೊನೆಯವರೆಗೂ ತಿರಸ್ಕರಿಸಿದವರು. ಜೀವಿ ಏನೆಂಬುದರಲ್ಲಿ ಎಡವಿದ ಅದೇ ಕಣ್ಣು, ಅದು ಏನು ಹೇಳುತ್ತಿದೆ ಎಂಬುದನ್ನು ಬಹುತೇಕರಿಗಿಂತ ಮೊದಲು ಕೇಳಿಸಿಕೊಂಡಿತು. ಆ ಶತಮಾನ ಮುಗಿಯುವ ಹೊತ್ತಿಗೆ ಆ ಉದ್ಯಾನದಲ್ಲಿಯೂ ಕಲ್ಲುಹೂವುಗಳು ಕಾಣೆಯಾದವು. 1926ರಲ್ಲಿ ಸ್ವೀಡನ್ನಿನ ರುಟ್ಗರ್ ಸೆರ್ನಾಂಡರ್ ಸ್ಟಾಕ್‌ಹೋಮ್ ನಗರದ ನಡುಭಾಗವನ್ನು ಕಲ್ಲುಹೂವಿನ ಮರುಭೂಮಿ ಎಂದೂ ಅದರ ಸುತ್ತಲಿನ ವಲಯವನ್ನು ಹೋರಾಟದ ವಲಯ ಎಂದೂ ಕರೆದರು. ಆ ಎರಡನೆಯ ಹೆಸರು ನನಗೆ ತುಂಬ ಇಷ್ಟ. ಅಂಚಿನಲ್ಲಿ ಗಿಡ್ಡಗಾಗಿ, ಬಣ್ಣಗೆಟ್ಟು, ಬೀಜಕಗಳನ್ನು ಕಟ್ಟದೆ ಅಂಟಿಕೊಂಡಿರುವ ಕಲ್ಲುಹೂವನ್ನು ನೋಡಿದವರಿಗೆ ಅದಕ್ಕಿಂತ ಸರಿಯಾದ ಮಾತು ಸಿಗಲಾರದು.

ಎಲ್ಲರೂ ಇದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ನಗರದ ಗಾಳಿ ಹಳ್ಳಿಯ ಗಾಳಿಗಿಂತ ಒಣಗಿದ್ದು, ಬಿಸಿಯಾದದ್ದು. ಕಲ್ಲುಹೂವುಗಳು ಸಾಯುವುದು ಹೊಗೆಯಿಂದಲ್ಲ, ತೇವ ಸಾಲದೆ ಎಂದು ಪೋಲೆಂಡಿನ ಯಾನ್ ರಿಡ್ಜಾಕ್ ಮೊದಲಾದವರು ವಾದಿಸಿದರು. ಆ ವಾದಕ್ಕೆ ಉತ್ತರ ಕೊಡಲು ಬೇರೆ ಬಗೆಯ ಪ್ರಯೋಗ ಬೇಕಾಯಿತು. ಅಮೆರಿಕದ ಇರ್ವಿನ್ ಬ್ರೋಡೋ 1961ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಕಲ್ಲುಹೂವು ಅಂಟಿರುವ ತೊಗಟೆಯ ಬಿಲ್ಲೆಯನ್ನೇ ಮರದಿಂದ ಕೊರೆದು ತೆಗೆದು ಬೇರೆಡೆಯ ಮರಕ್ಕೆ ಕೂರಿಸಲಾಗುತ್ತಿತ್ತು. ನ್ಯೂಯಾರ್ಕ್ ನಗರದ ಕಡೆಗೆ ಸಾಗಿದಂತೆ ಅವುಗಳ ಸ್ಥಿತಿ ಕೆಡುವುದನ್ನು ಅವರು ಲಾಂಗ್ ಐಲೆಂಡಿನಲ್ಲಿ ದಾಖಲಿಸಿದರು. ಊರಿನಿಂದ ದೂರವಿರುವ, ಸುತ್ತ ತೇವಕ್ಕೆ ಕೊರತೆಯಿಲ್ಲದ ಒಂಟಿ ಲೋಹದ ಕುಲುಮೆಗಳ ಗಾಳಿ ಬೀಸುವ ದಿಕ್ಕಿನಲ್ಲಿಯೂ ಕಲ್ಲುಹೂವುಗಳು ಇಲ್ಲವಾಗಿದ್ದವು. ಒಣಹವೆಯ ಪಾತ್ರ ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯ ಆರೋಪಿ ಗಂಧಕವೇ ಎಂಬುದು ಹೀಗೆ ಸ್ಥಿರವಾಯಿತು.

1970ರಲ್ಲಿ ಡೇವಿಡ್ ಹಾಕ್ಸ್‌ವರ್ತ್ ಮತ್ತು ಫ್ರಾನ್ಸಿಸ್ ರೋಸ್ ಇಂಗ್ಲೆಂಡ್ ಹಾಗೂ ವೇಲ್ಸ್‌ಗಾಗಿ ರೂಪಿಸಿದ ಮಾಪಕ ಈ ಕ್ಷೇತ್ರದ ದೊಡ್ಡ ತಿರುವು. ಕಾಂಡದ ಮೇಲೆ ಏನೂ ಬೆಳೆಯದ ಶೂನ್ಯ ವಲಯದಿಂದ ಶುದ್ಧ ಗಾಳಿಯ ಹತ್ತನೆಯ ವಲಯದವರೆಗೆ ಅದರ ಮೆಟ್ಟಿಲುಗಳಿವೆ. ಚಳಿಗಾಲದ ಸರಾಸರಿ ಸಲ್ಫರ್ ಡೈಆಕ್ಸೈಡ್ ಘನಮೀಟರಿಗೆ ಸುಮಾರು 170 ಮೈಕ್ರೋಗ್ರಾಮ್ ಮೀರಿದಲ್ಲಿ ಕಾಂಡದ ಬುಡದಲ್ಲಿ ಹಸಿರು ಪಾಚಿಯ ಪುಡಿ ಮಾತ್ರ ಉಳಿಯುತ್ತದೆ. ಸುಮಾರು 125ಕ್ಕೆ ಇಳಿದಾಗ ಲೆಕನೋರಾ ಕೊನಿಝಿಯಾಯ್ಡಿಸ್ ಎಂಬ ಬೂದುಹಸಿರು ಹಕ್ಕಳೆ ಕಾಂಡವನ್ನೇರುತ್ತದೆ, 70ರ ಹೊತ್ತಿಗೆ ಎಲೆಯಂಥ ಹೈಪೋಜಿಮ್ನಿಯಾ ಫೈಸೋಡಿಸ್ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಗಡ್ಡದಂತೆ ಇಳಿಬೀಳುವ ಅಸ್ನಿಯಾ ಜಾತಿಯವು ಮತ್ತು ಅಗಲ ಹಾಳೆಯಂಥ ಲೊಬೇರಿಯಾ ಜಾತಿಯವು ಮೇಲಿನ ಮೆಟ್ಟಿಲುಗಳಲ್ಲಿ ಬರುತ್ತವೆ. ಪಠ್ಯಗಳು ಸಾಮಾನ್ಯವಾಗಿ ಹೇಳುವ ಹಕ್ಕಳೆ, ಎಲೆ, ಪೊದೆ ಎಂಬ ಮೂರು ರೂಪಗಳ ಏಣಿ ಇದರ ಸರಳೀಕೃತ ನೆರಳು. ಆದರೆ ನಾನು ಇಲ್ಲಿ ಒತ್ತಿ ಹೇಳಬೇಕೆಂದಿರುವುದು ಬೇರೆ. ಆ ಇಬ್ಬರು ಕೊಟ್ಟದ್ದು ಒಂದು ಏಣಿಯನ್ನಲ್ಲ, ಎರಡನ್ನು. ಸಹಜ ಸ್ಥಿತಿಯ ತೊಗಟೆಗೆ ಒಂದು, ದೂಳು ಮತ್ತು ಗೊಬ್ಬರದ ಅಂಶ ಸೇರಿ ಪೋಷಕಾಂಶ ಹೆಚ್ಚಾದ ತೊಗಟೆಗೆ ಇನ್ನೊಂದು. ಶಾಲೆಯ ವಾಕ್ಯಕ್ಕೆ ಬರುವ ಹೊತ್ತಿಗೆ ಆ ಎರಡನೆಯ ಏಣಿ ಎಲ್ಲೋ ಬಿದ್ದುಹೋಗಿದೆ.

ತೊಗಟೆಯ ಮಹತ್ವ ನನಗೆ ಓದಿನಿಂದ ತಿಳಿಯಲಿಲ್ಲ, ಒಂದೇ ರಸ್ತೆಯಲ್ಲಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಎರಡು ಮರಗಳಿಂದ ತಿಳಿಯಿತು. ಒಂದರ ಕಾಂಡದಲ್ಲಿ ಒಂಬತ್ತು ಬಗೆಯ ಕಲ್ಲುಹೂವುಗಳನ್ನು ಎಣಿಸಿದೆ, ಇನ್ನೊಂದರಲ್ಲಿ ಎರಡೇ. ಬೀಸುವ ಗಾಳಿ ಒಂದೇ, ಬೀಳುವ ಮಳೆಯೂ ಒಂದೇ. ಎರಡೂ ಮರಗಳಿಂದ ತಾನಾಗಿ ಕಳಚಿಕೊಳ್ಳುತ್ತಿದ್ದ ಸತ್ತ ತೊಗಟೆಯ ಚೂರುಗಳನ್ನು ತಂದು, ಪುಡಿ ಮಾಡಿ, ಬಟ್ಟಿ ಇಳಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಪಿಎಚ್ ಕಾಗದವನ್ನು ಅದ್ದಿದೆ. ಒಂದು ಲೋಟದ ಕಾಗದ 6ರ ಬಣ್ಣಕ್ಕೆ ತಿರುಗಿತು, ಇನ್ನೊಂದು 4ರ ಬಣ್ಣದಲ್ಲಿ ನಿಂತಿತು. ಅಷ್ಟು ಹೊತ್ತು ಗಾಳಿಯ ಬಗ್ಗೆ ನಾನು ಹೇಳಿಕೊಳ್ಳುತ್ತಿದ್ದ ಕತೆಯೆಲ್ಲ ಆ ಎರಡು ಪಟ್ಟಿಗಳ ಮುಂದೆ ಸುಳ್ಳಾಯಿತು. ನಾನು ಎಣಿಸಿದ್ದು ಮಳೆಯ ಪರಿಣಾಮವನ್ನಲ್ಲ, ಮರಗಳ ಜಾತಿಯನ್ನು.

ಕೆಲವು ಮರಗಳ ತೊಗಟೆ ಸ್ವಭಾವದಿಂದಲೇ ಹುಳಿ. ಪೈನ್, ಬರ್ಚ್ ಮುಂತಾದವು ಆ ಗುಂಪಿನವು. ಆಶ್, ಎಲ್ಮ್, ಮೇಪಲ್ ಜಾತಿಯ ಹಲವು ಮರಗಳ ತೊಗಟೆಯಲ್ಲಿ ಕ್ಯಾಲ್ಸಿಯಮ್ ಮೊದಲಾದ ಅಂಶಗಳು ಹೆಚ್ಚಿದ್ದು, ಬಿದ್ದ ಆಮ್ಲವನ್ನು ಒಂದಿಷ್ಟು ಕಾಲ ತಡೆದುಕೊಳ್ಳುವ ಶಕ್ತಿಯಿರುತ್ತದೆ. ಆ ಶಕ್ತಿ ಉಳಿತಾಯದ ಹಣವಿದ್ದಂತೆ, ಪ್ರತಿ ಮಳೆಯೂ ಅದರಿಂದ ಒಂದಿಷ್ಟು ತೆಗೆಯುತ್ತದೆ. ತೀರಿಹೋಗುವವರೆಗೆ ಹೊರಗಿನಿಂದ ಏನೂ ಕಾಣದು, ತೀರಿದ ಮೇಲೆ ತೊಗಟೆ ಹುಳಿಯಾಗುತ್ತದೆ ಮತ್ತು ಅದರ ಮೇಲಿದ್ದ ಸೂಕ್ಷ್ಮ ಜಾತಿಗಳು ಹೋಗಿ, ಪೈನ್ ಮರದ ಮೇಲೆ ಇರಬೇಕಾದ ಆಮ್ಲಪ್ರಿಯ ಜಾತಿಗಳು ಅಲ್ಲಿಗೆ ಬಂದು ಕೂರುತ್ತವೆ. ದೂರದಿಂದ ಬರುವ ನಿಜವಾದ ಆಮ್ಲಮಳೆಯ ಗುರುತು ಇದೇ. ಇರಬಾರದ ಮರದ ಮೇಲೆ ಆಮ್ಲಪ್ರಿಯ ಕಲ್ಲುಹೂವು ಕಂಡರೆ ಆ ತೊಗಟೆ ತನ್ನ ಉಳಿತಾಯವನ್ನು ಕಳೆದುಕೊಂಡಿದೆ ಎಂದು ಅರ್ಥ. ಅಲ್ಲಿ ಜಾತಿಗಳ ಸಂಖ್ಯೆ ಅಷ್ಟೇನೂ ಇಳಿಯದೆ ಇರಬಹುದು. ಎಣಿಕೆಯೊಂದನ್ನೇ ನಂಬಿದವರಿಗೆ ಈ ಬದಲಾವಣೆ ಕಣ್ಣಿಗೇ ಬೀಳುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ದೃಶ್ಯ ಸುಣ್ಣಕಲ್ಲಿನಲ್ಲಿ ಕಾಣುತ್ತದೆ. ಹೊಗೆ ತುಂಬಿದ ಕೈಗಾರಿಕಾ ನಗರಗಳ ನಡುವೆಯೂ, ಮರಗಳೆಲ್ಲ ಬೋಳಾಗಿದ್ದ ಕಾಲದಲ್ಲಿ, ಸುಣ್ಣಕಲ್ಲಿನ ಗೋಡೆ, ಗಾರೆ ಮತ್ತು ಸಿಮೆಂಟ್ ಹಾಳೆಗಳ ಮೇಲೆ ಕೆಲವು ಕಲ್ಲುಹೂವುಗಳು ಬದುಕಿ ಉಳಿದಿದ್ದವು. ಕಲ್ಲಿನ ಕ್ಷಾರ ಆಮ್ಲವನ್ನು ಬಂದಂತೆ ಬಂದಂತೆ ತಣಿಸುತ್ತಿತ್ತು. ಮರದ ಕಾಂಡಕ್ಕೆ ಸುಣ್ಣ ಬಳಿದಿದ್ದರೂ, ಪಕ್ಕದ ಮಣ್ಣುರಸ್ತೆಯ ದೂಳು ಅದರ ಮೇಲೆ ಕೂತಿದ್ದರೂ ಇದೇ ಆಗುತ್ತದೆ. ಆದ್ದರಿಂದ ಸುಣ್ಣ ಬಳಿದ ಮರವನ್ನು ಸಮೀಕ್ಷೆಗೆ ಎಂದೂ ಆರಿಸಬಾರದು. ಬಳಿದ ಗುರುತು ಮಾಸಿದ್ದರೂ ಅದರ ಪ್ರಭಾವ ಉಳಿದಿರಬಹುದು, ಹತ್ತಿರದವರನ್ನು ವಿಚಾರಿಸಿ ನೋಡುವುದು ಒಳ್ಳೆಯದು.

ಲೊಬೇರಿಯಾ ಪಲ್ಮನೇರಿಯಾ ಎಂಬ ಕಲ್ಲುಹೂವಿನ ಪಾಡು ಈ ಎಲ್ಲ ಮಾತನ್ನೂ ಒಂದೆಡೆ ತರುತ್ತದೆ. ಅಂಗೈಗಿಂತ ಅಗಲವಾಗಿ ಹರಡಬಲ್ಲ ಅದರ ಮೇಲ್ಮೈಯಲ್ಲಿ ಏಣು ತಗ್ಗುಗಳ ಜಾಲವಿದ್ದು, ಶ್ವಾಸಕೋಶದ ಒಳಮೈಯನ್ನು ನೆನಪಿಸುತ್ತದೆ, ಹೆಸರು ಬಂದದ್ದೂ ಹಾಗೆಯೇ. ಅದರ ಮುಖ್ಯ ಸಂಗಾತಿ ಹಸಿರು ಪಾಚಿ, ಜೊತೆಗೆ ಪುಟ್ಟ ಗಂಟುಗಳಲ್ಲಿ ಸಯನೋಬ್ಯಾಕ್ಟೀರಿಯಾವನ್ನೂ ಇಟ್ಟುಕೊಂಡಿರುತ್ತದೆ. ಯುರೋಪಿನ ಬಹುಭಾಗದಲ್ಲಿ ಒಂದು ಕಾಲಕ್ಕೆ ಹರಡಿಕೊಂಡಿದ್ದ ಇದು ಕಾರ್ಖಾನೆಗಳ ಬಳಿಯಿಂದ ಮಾತ್ರವಲ್ಲ, ಅನಿಲದ ಅಳತೆ ಕಡಿಮೆಯಿದ್ದ ದೂರದ ಕಾಡುಗಳಿಂದಲೂ ಹಿಂದೆ ಸರಿಯಿತು. ಹಳೆಯ ಮರಗಳ ಕಡಿತವೂ ಅದಕ್ಕೆ ಕಾರಣವೆಂಬುದನ್ನು ಮರೆಮಾಚಬಾರದು. ಆದರೆ ಮರ ಉಳಿದು ಲೊಬೇರಿಯಾ ಹೋದ ಕಡೆಗಳಲ್ಲಿ ತೊಗಟೆ ಹುಳಿಯಾಗಿದ್ದುದು ಕಂಡುಬಂತು. ಒಂದು ಮರದಿಂದ ಇನ್ನೊಂದಕ್ಕೆ ಅದು ಹರಡುವ ವೇಗ ತೀರ ಕಡಿಮೆ. ಮಳೆ ಸುಧಾರಿಸಿದ ಮೇಲೂ ಅದು ಇಲ್ಲದಿರುವುದಕ್ಕೆ ಇಂದಿನ ಆಮ್ಲವೇ ಕಾರಣವಾಗಬೇಕಾಗಿಲ್ಲ, ನಲವತ್ತು ವರ್ಷ ಹಿಂದಿನ ಆಮ್ಲವೂ ಆಗಿರಬಹುದು. ಕಲ್ಲುಹೂವಿನ ಗೈರುಹಾಜರಿಯನ್ನು ಓದುವುದು ಅದರ ಹಾಜರಿಯನ್ನು ಓದುವುದಕ್ಕಿಂತ ಕಷ್ಟ.

ಲೆಕನೋರಾ ಕೊನಿಝಿಯಾಯ್ಡಿಸ್‌ನ ಚರಿತ್ರೆ ಇದರ ತಿರುಗುಮುರುಗು. ಗಂಧಕದ ಹೊಗೆಯನ್ನು ತಾಳಿಕೊಳ್ಳುವ, ಹುಳಿ ತೊಗಟೆಯನ್ನು ಬಯಸುವ ಈ ಹಕ್ಕಳೆ, ಪೈಪೋಟಿಯಿಲ್ಲದ ಕಾಂಡಗಳನ್ನೆಲ್ಲ ಆವರಿಸಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಿಟನ್ನಿನ ಕೈಗಾರಿಕಾ ಪ್ರದೇಶಗಳಲ್ಲಿ ಎಲ್ಲಿ ನೋಡಿದರಲ್ಲಿ ಕಾಣುವ ಕಲ್ಲುಹೂವಾಗಿತ್ತು. ‘ಕಲ್ಲುಹೂವು ಇದ್ದಲ್ಲಿ ಗಾಳಿ ಶುದ್ಧ’ ಎಂಬ ವಾಕ್ಯವನ್ನು ಹಿಡಿದು ಹೋದವರಿಗೆ ಆ ಕಾಲದ ಮ್ಯಾಂಚೆಸ್ಟರಿನ ಅಂಚಿನಲ್ಲಿ ಮರದ ತುಂಬ ಶುದ್ಧತೆಯೇ ಕಾಣುತ್ತಿತ್ತು. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಮುಸುಕಿ ಸಾವಿರಾರು ಜನರ ಪ್ರಾಣ ತೆಗೆದ ಹೊಗೆಮಂಜಿನ ನಂತರ, 1956ರಲ್ಲಿ ಅಲ್ಲಿ ಶುದ್ಧಗಾಳಿಯ ಕಾಯಿದೆ ಬಂತು. 1979ರಲ್ಲಿ ಜಿನೀವಾದಲ್ಲಿ ಗಡಿದಾಟುವ ವಾಯುಮಾಲಿನ್ಯದ ಒಡಂಬಡಿಕೆಗೆ ಸಹಿ ಬಿತ್ತು, 1985ರಲ್ಲಿ ಹೆಲ್ಸಿಂಕಿಯ ಒಪ್ಪಂದ ಗಂಧಕದ ಹೊರಸೂಸುವಿಕೆಯನ್ನು ಕನಿಷ್ಠ ಶೇಕಡಾ 30ರಷ್ಟು ಇಳಿಸುವ ಗುರಿಯಿಟ್ಟಿತು. ಬ್ರಿಟನ್ನಿನ ಸಲ್ಫರ್ ಡೈಆಕ್ಸೈಡ್ ಹೊರಸೂಸುವಿಕೆ 1970ರಿಂದ ಈಚೆಗೆ ಶೇಕಡಾ 95ಕ್ಕೂ ಹೆಚ್ಚು ಇಳಿದಿದೆ. ಹೊಗೆ ಇಳಿದಂತೆ ಲೆಕನೋರಾ ಕೊನಿಝಿಯಾಯ್ಡಿಸ್ ಕೂಡ ಇಳಿಯಿತು, ಈಗ ಅದನ್ನು ಹುಡುಕಿ ನೋಡಬೇಕಾದ ಸ್ಥಿತಿ ಅನೇಕ ಕಡೆ ಇದೆ. ಲಕ್ಸೆಂಬರ್ಗ್ ಉದ್ಯಾನಕ್ಕೆ ಸುಮಾರು ಒಂದು ಶತಮಾನದ ಗೈರುಹಾಜರಿಯ ನಂತರ ಕಲ್ಲುಹೂವುಗಳು ಮರಳಿದ್ದು 1990ರ ಸುಮಾರಿಗೆ ವರದಿಯಾಯಿತು. ಆ ಸುದ್ದಿಯನ್ನು ಮೊದಲ ಬಾರಿ ಓದಿದಾಗ ನನಗಾದ ಸಂತೋಷವನ್ನು ಹೇಳದೆ ಇರಲಾರೆ. ಒಂದು ಕಾಯಿದೆ ಕೆಲಸ ಮಾಡಿತೆಂಬುದಕ್ಕೆ ಮರದ ಕಾಂಡವೇ ಸಾಕ್ಷಿ ನುಡಿಯುವುದು ಅಪರೂಪ.

ಆದರೆ ಮರಳಿ ಬಂದವರೆಲ್ಲ ಹಳಬರಲ್ಲ. ಗಂಧಕ ಇಳಿದ ಮೇಲೆ ಹೊಲಗೊಬ್ಬರ ಮತ್ತು ದನಕರುಗಳ ಸಾಕಣೆಯಿಂದ ಬರುವ ಅಮೋನಿಯಾ ಗಾಳಿಯ ಲೆಕ್ಕವನ್ನು ಬದಲಿಸಿತು. ಅಮೋನಿಯಾ ತೊಗಟೆಯ ಪಿಎಚ್ ಅನ್ನು ಮೇಲಕ್ಕೆಳೆಯುತ್ತದೆ, ಜೊತೆಗೆ ಸಾರಜನಕವನ್ನೂ ಸುರಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ 1990ರ ದಶಕದ ಸಮೀಕ್ಷೆಗಳು ಆಮ್ಲಪ್ರಿಯ ಜಾತಿಗಳು ಹಿಂದೆ ಸರಿದು, ಸಾರಜನಕಪ್ರಿಯ ಜಾತಿಗಳು ಭರದಿಂದ ಹಬ್ಬಿದ್ದನ್ನು ದಾಖಲಿಸಿದವು. ಅವುಗಳಲ್ಲಿ ಎದ್ದು ಕಾಣುವುದು ಅರಿಶಿನ-ಕಿತ್ತಳೆ ಬಣ್ಣದ ಝಾಂಥೋರಿಯಾ ಪರಿಯೆಟಿನಾ.

ಈ ವಿಷಯದಲ್ಲಿ ನನ್ನ ಒಂದು ತಪ್ಪನ್ನು ಬರೆದಿಡಬೇಕು. ಸಮೀಕ್ಷೆ ಆರಂಭಿಸಿದ ಮೊದಲ ವರ್ಷ ಒಂದು ಸಾಲು ಮರಗಳ ಕಾಂಡ ಕಲ್ಲುಹೂವುಗಳಿಂದ ಕಿಕ್ಕಿರಿದಿರುವುದನ್ನು ಕಂಡು, ನನ್ನ ನಕ್ಷೆಯಲ್ಲಿ ಆ ಜಾಗಕ್ಕೆ ಅತ್ಯಂತ ಶುದ್ಧ ಎಂದು ಹಸಿರು ಬಣ್ಣ ಹಚ್ಚಿದೆ. ಬಣ್ಣ ಹಚ್ಚಿದ ಹಾಳೆಯನ್ನು ಇತರರಿಗೂ ತೋರಿಸಿದೆ. ಮರುವರ್ಷ ಹೋದಾಗ ಗಾಳಿ ಬೇರೆ ದಿಕ್ಕಿನಿಂದ ಬೀಸುತ್ತಿತ್ತು, ಮರಗಳ ಸಾಲಿನ ಹಿಂದೆ ಇದ್ದ ದನಗಳ ಕೊಟ್ಟಿಗೆಯ ತಿಪ್ಪೆಯ ಘಾಟು ಮೂಗಿಗೆ ಬಡಿಯಿತು. ಮತ್ತೆ ಮಸೂರ ಹಿಡಿದು ನೋಡಿದರೆ ಕಿಕ್ಕಿರಿದಿದ್ದವು ಮೂರೇ ಜಾತಿಯವು, ಮೂರೂ ಸಾರಜನಕವನ್ನು ಬಯಸುವವು. ನನ್ನ ನಕ್ಷೆಯ ಅತಿ ಹಸಿರಾದ ಚುಕ್ಕೆ ಆ ಇಡೀ ಪ್ರದೇಶದ ಅತಿ ಹೆಚ್ಚು ಅಮೋನಿಯಾ ಇದ್ದ ಜಾಗವಾಗಿತ್ತು. ನೋಡಿದವರಿಗೆಲ್ಲ ಹೇಳಿ ಆ ಹಾಳೆಯನ್ನು ತಿದ್ದಿದೆ.

ಈ ಕಾರಣಗಳಿಂದಲೇ ಪದ್ಧತಿ ಎಂಬುದು ಬೇಕಾಗುತ್ತದೆ. ಯುರೋಪ್ 2014ರಲ್ಲಿ ಇದಕ್ಕಾಗಿ ಒಂದು ಸಾಮಾನ್ಯ ಮಾನದಂಡವನ್ನು ಪ್ರಕಟಿಸಿದೆ. ಅದರ ಪ್ರಕಾರ ಹತ್ತು ಸೆಂಟಿಮೀಟರ್ ಚೌಕದ ಐದು ಮನೆಗಳು ಒಂದರ ಮೇಲೊಂದು ಇರುವ ಏಣಿಯಂಥ ಚೌಕಟ್ಟನ್ನು ಕಾಂಡದ ನಾಲ್ಕು ದಿಕ್ಕಿಗೂ ಇಟ್ಟು, ಪ್ರತಿ ಜಾತಿ ಎಷ್ಟು ಮನೆಗಳಲ್ಲಿ ಕಾಣುತ್ತದೆ ಎಂದು ಎಣಿಸಬೇಕು. ಒಂದೇ ಜಾತಿಯ ಅಥವಾ ಒಂದೇ ಸ್ವಭಾವದ ತೊಗಟೆಯ ಮರಗಳನ್ನು ಆರಿಸಬೇಕು. ಕಾಂಡ ನೆಟ್ಟಗಿರಬೇಕು, ಗಾಯವಿರಬಾರದು, ಕವಲಿನಿಂದ ಸದಾ ನೀರಿಳಿಯುವ ಗೆರೆಯಲ್ಲಿ ಚೌಕಟ್ಟು ಕೂರಬಾರದು. ನಾನು ತಂತಿಯಿಂದ ಇಂಥದೊಂದು ಚೌಕಟ್ಟನ್ನು ಕಟ್ಟಿಕೊಂಡಿದ್ದೇನೆ. ಹೊಸಬರು ಮಾಡುವ ಹಾನಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗುರುತಿಸುವ ನೆಪದಲ್ಲಿ ಕಲ್ಲುಹೂವನ್ನು ಕೆರೆದು ತೆಗೆಯಬೇಡಿ. ಹಕ್ಕಳೆಯಂಥವು ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್, ಉಗುರಿನಗಲದ ತುಂಡು ಎಂದರೆ ಎಷ್ಟೋ ವರ್ಷಗಳ ದಾಖಲೆ. ಬಿದ್ದ ಕೊಂಬೆಗಳಲ್ಲಿ ಕಲಿಯಲು ಬೇಕಾದಷ್ಟು ಸಿಗುತ್ತದೆ.

ಇಷ್ಟೆಲ್ಲ ಪಾಡು ಪಡುವ ಬದಲು ಒಂದು ಯಂತ್ರ ಇಟ್ಟು ಅಳೆಯಬಾರದೇ ಎಂದು ಕೇಳುವವರಿದ್ದಾರೆ. ಅಳೆಯಬೇಕು, ಖಂಡಿತ ಅಳೆಯಬೇಕು. ಕಲ್ಲುಹೂವು ಯಂತ್ರಕ್ಕೆ ಬದಲಿಯಲ್ಲ, ಅದು ಮೈಕ್ರೋಗ್ರಾಮಿನ ಲೆಕ್ಕ ಕೊಡುವುದಿಲ್ಲ, ನಿನ್ನೆಯ ಮಳೆಯನ್ನೂ ಹೇಳುವುದಿಲ್ಲ. ಆದರೆ ಯಂತ್ರ ಇರುವುದು ಕೆಲವೇ ಕಡೆ, ಮರ ಇರುವುದು ಸಾವಿರ ಕಡೆ. ಯಂತ್ರ ಇಟ್ಟ ದಿನದಿಂದ ಅದರ ದಾಖಲೆ ಆರಂಭವಾಗುತ್ತದೆ, ಕಲ್ಲುಹೂವಿನ ದಾಖಲೆ ಅದಕ್ಕೂ ಮುಂಚಿನದು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ಗಾಳಿಯಲ್ಲಿ ಏನಿದೆ ಎಂದು ಹೇಳುತ್ತದೆ, ಅದು ಜೀವಕ್ಕೆ ಏನು ಮಾಡಿತು ಎಂಬುದನ್ನು ಜೀವವೇ ಹೇಳಬೇಕು. ಅದರ ದೇಹದಲ್ಲಿ ಸೇರಿಕೊಂಡಿರುವ ಗಂಧಕದ ಐಸೋಟೋಪುಗಳ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆದು, ಆ ಗಂಧಕ ಯಾವ ಮೂಲದಿಂದ ಬಂದಿರಬಹುದೆಂದು ಊಹಿಸುವ ಕೆಲಸವೂ ನಡೆದಿದೆ.

ಈಗ ನನ್ನ ಟಿಪ್ಪಣಿ ಪುಸ್ತಕದ ಕಾಲಂಗಳ ಕ್ರಮ ಬದಲಾಗಿದೆ. ಮೊದಲು ಮರದ ಹೆಸರು, ಆಮೇಲೆ ತೊಗಟೆಯ ಪಿಎಚ್, ಆಮೇಲೆ ಸುತ್ತ ಐವತ್ತು ಮೀಟರಿನಲ್ಲಿ ಏನಿದೆ ಎಂಬುದು, ಕೊನೆಗೆ ಕಲ್ಲುಹೂವಿನ ಜಾತಿಗಳು. ಈ ಬಾರಿ ಹೋದಾಗ, 4ರ ಬಣ್ಣ ತೋರಿಸಿದ್ದ ಆ ಮರದ ಉತ್ತರ ಮುಖದಲ್ಲಿ, ಚೌಕಟ್ಟಿನ ಎರಡನೆಯ ಮನೆಯೊಳಗೆ, ಹಿಂದೆ ಇರದಿದ್ದ ಒಂದು ಬೂದು ಚುಕ್ಕೆ ಕಂಡಿತು. ಅಗಲ ಎರಡು ಮಿಲಿಮೀಟರ್. ಯಾವ ಜಾತಿಯೆಂದು ಇನ್ನೂ ಹೇಳಲಾಗದು. ಪಾರದರ್ಶಕ ಹಾಳೆಯನ್ನು ಮೇಲಿಟ್ಟು ಅದರ ಅಂಚನ್ನು ಗುರುತಿಸಿಕೊಂಡು, ದಿನಾಂಕ ಬರೆದು, ಮುಟ್ಟದೆ ಬಂದಿದ್ದೇನೆ. ಎರಡು ವರ್ಷ ಬಿಟ್ಟು ಅದೇ ಹಾಳೆಯನ್ನು ಹಿಡಿದು ಮತ್ತೆ ಹೋಗಬೇಕು.